ಉದ್ದ ಮುಖದ ದೇವಿ

ಹೊಳೆಯ ದಡದ ಮಠದಲ್ಲಿ ನಾಗಾರ್ಯರು ಚಿತ್ರವಿದ್ಯೆ ಕಲಿಸುತ್ತಿದ್ದರು. ಕೇತಯ್ಯ ಅವರ ಹಿರಿಯ ಶಿಷ್ಯ. ಆದರೆ ಮಂಟಪದ ಎತ್ತರದ ಗೋಡೆಯ ಮೇಲೆ ನದಿದೇವಿಯನ್ನು ಬರೆಯುವ ಕೆಲಸ ಕಿರಿಯ ಶಿಷ್ಯೆ ಸೋವಕ್ಕನ ಪಾಲಾಯಿತು.

ಅಂದಿನಿಂದ ಕೇತಯ್ಯನಿಗೆ ಅನ್ನ ರುಚಿಸಲಿಲ್ಲ. ಗುರುಗಳು ಅವಳತ್ತ ನೋಡಿ ತಲೆದೂಗಿದರೂ ಸಾಕು, ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಆ ಗೋಡೆಯತ್ತ ಅವನು ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ.

ಚಿತ್ರ ಮುಗಿದ ದಿನ ಬೆಳಿಗ್ಗೆ ಸೋವಕ್ಕ ಕುಂಚ ತೊಳೆಯಲು ಹೊಳೆಗೆ ಹೋದಳು. ಕೇತಯ್ಯ ಸರಸರನೆ ಬಿದಿರಿನ ಅಟ್ಟಣಿಗೆ ಹತ್ತಿದ.

ದೇವಿಯ ಮುಖ ಅವನೆದುರೇ ಇತ್ತು. ಹಣೆ ಮೊರದಷ್ಟು. ಮೂಗು ಪಡವಲಕಾಯಿಯಂತೆ ಜೋತುಬಿದ್ದಿತ್ತು. ಗಲ್ಲ ಎಲ್ಲೋ ಕೆಳಗೆ.

ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. 'ಇವಳಿಗಾ ಗೋಡೆ ಕೊಟ್ಟದ್ದು!' ಎಂದುಕೊಂಡ.

ತನ್ನ ಕುಂಚ ತೆಗೆದು ಮುಖವನ್ನು ತಿದ್ದಿದ. ಅಳತೆಗೆ ಸರಿಯಾದ, ದುಂಡನೆಯ ಮುಖ. ಗುರುಗಳಿಗೆ ಗೊತ್ತಾಗಲಿ, ಯಾರ ಕೈ ಎಂಥದೆಂದು.

ಇಳಿದು ಬಂದಾಗ ನಾಗಾರ್ಯರು ಕೆಳಗೆ ನಿಂತಿದ್ದರು. ಪಕ್ಕದಲ್ಲಿ ಒದ್ದೆ ಕುಂಚ ಹಿಡಿದ ಸೋವಕ್ಕ. ಅವಳ ಕಣ್ಣು ತುಂಬಿತ್ತು.

"ತಿದ್ದಿದೆ, ಗುರುಗಳೇ," ಎಂದ ಕೇತಯ್ಯ.

"ನೋಡು," ಎಂದರು ಗುರುಗಳು.

ಕತ್ತೆತ್ತಿದ. ದೇವಿಯ ಮೈಕಟ್ಟು ಸೊಗಸಾಗಿತ್ತು. ಮುಖ ಮಾತ್ರ, ಮೇಲಿಂದ ಅದುಮಿದ ಹಿಟ್ಟಿನ ಉಂಡೆಯಂತೆ ಚಪ್ಪಟೆ.

"ಕೆಳಗೆ ನಿಂತವರಿಗೆ ಎತ್ತರದ್ದೆಲ್ಲ ಕುಗ್ಗಿ ಕಾಣುತ್ತೆ, ಅಣ್ಣ," ಎಂದಳು ಸೋವಕ್ಕ. "ಅದಕ್ಕೇ ಉದ್ದಕ್ಕೆ ಎಳೆದಿದ್ದೆ."

ಕೇತಯ್ಯ ತನ್ನ ಕುಂಚವನ್ನು ಅವಳತ್ತ ಚಾಚಿದ. "ಅವಳೇ ಮತ್ತೆ ಬರೆಯಲಿ..."

"ನೀನೇ ಬರೆ," ಎಂದರು ಗುರುಗಳು.

"ಅಷ್ಟು ಹತ್ತಿರದಿಂದ ನನಗೆ ಹೇಗೆ ಕಾಣುತ್ತೆ?"

"ಕಾಣೋದಿಲ್ಲ. ಅವಳು ಹೇಳುತ್ತಾಳೆ."

ಮಧ್ಯಾಹ್ನ ಅವನು ಮತ್ತೆ ಹತ್ತಿದ. ಕೆಳಗಿನಿಂದ ಅವಳ ದನಿ ಬರುತ್ತಿತ್ತು.

"ಹಣೆ ಇನ್ನೂ ಮೇಲಕ್ಕೆ, ಅಣ್ಣ. ಮೂಗು ಇನ್ನೂ ಉದ್ದ. ಇನ್ನೂ..."

ಹಲ್ಲು ಕಚ್ಚಿಕೊಂಡು ಎಳೆದ. ಕಣ್ಣೆದುರೇ ಮುಖ ವಿಕಾರವಾಗುತ್ತಾ ಹೋಯಿತು. ಕುಂಚ ಎಸೆದುಬಿಡೋಣ ಎನಿಸಿತು. ಎಸೆಯಲಿಲ್ಲ.

"ಸಾಕು!" ಎಂದು ಅವಳು ಕೂಗಿದಾಗ ಹೊತ್ತು ಇಳಿದಿತ್ತು.

ಕೆಳಗೆ ಬಂದು ನೋಡಿದ. ದೇವಿ ತಣ್ಣಗೆ ನಗುತ್ತಿದ್ದಳು. ಅಂಥ ಮುಖವನ್ನು ಅವನು ಜನ್ಮದಲ್ಲೇ ಬರೆದಿರಲಿಲ್ಲ.

ಸೋವಕ್ಕ ಹೋದ ಮೇಲೆ ಗುರುಗಳ ಕಾಲ ಬಳಿ ಕುಳಿತ.

"ಸುಳ್ಳು ಹೇಳಲಾರೆ, ಗುರುಗಳೇ. ಈಗಲೂ ಹೊಟ್ಟೆ ಉರಿಯುತ್ತಿದೆ."

"ಉರಿಯಲಿ ಬಿಡು," ಎಂದರು ನಾಗಾರ್ಯರು. "ಬೆಳಿಗ್ಗೆ ನಿನ್ನ ಕೈ ಆ ಉರಿಯ ಮಾತು ಕೇಳಿತು. ಮಧ್ಯಾಹ್ನ ಕೇಳಲಿಲ್ಲ."