ಲಾಭ, ಎರಡು, ಮೂರು

"ಕೇಳ್ರಪ್ಪೋ ಕೇಳ್ರಿ! ಊರ ಕಣಜಕ್ಕೆ ಹೊಸ ಪಟ್ಟಣಶೆಟ್ಟಿ ಬೇಕು. ರಾಣಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಪಟ್ಟ, ತಪ್ಪಿದವನಿಗೆ ಗಲ್ಲು!" ಎಂದು ಹರಳೂರಿನ ಬೀದಿಬೀದಿಯಲ್ಲಿ ಡಂಗುರ ಮೊಳಗಿತು.

ಹಳೆಯ ಶೆಟ್ಟಿ ಮುಗ್ಗಲು ರಾಗಿಯನ್ನು ಹೊಸ ರಾಗಿಗೆ ಬೆರೆಸಿ ಮಾರಿಸಿದ್ದ. ಅದನ್ನುಂಡು ನೇಕಾರರ ಕೇರಿಯ ಮೂರು ಮನೆಗಳಲ್ಲಿ ದುಡಿಯುವವರು ಸತ್ತರು. ಶೆಟ್ಟಿ ರಾಜ್ಯ ಬಿಟ್ಟು ಓಡಿದ. ಆ ರಾಗಿಯನ್ನು ಕೊಳಗದಲ್ಲಿ ಅಳೆದುಕೊಟ್ಟ ಕೆಂಚ ಮಾತ್ರ ಊರಲ್ಲೇ ಉಳಿದ. ಅವನನ್ನು ಯಾರೂ ಏನೂ ಅನ್ನಲಿಲ್ಲ. ಅಳೆಯುವ ಆಳನ್ನು ಯಾರು ಕೇಳುತ್ತಾರೆ? ಆದರೂ ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಡಂಗುರ ಕೇಳಿದವನೇ ಅರಮನೆಗೆ ಹೊರಟ. "ಇವನಿಗೆ ತಲೆ ಹೆಚ್ಚಾಗಿದೆ" ಎಂದು ಜನ ನಕ್ಕರು.

ಅವನಿಗಿಂತ ಮುಂದೆ ಜವಳಿ ಪದ್ಮಣ್ಣ, ಗಾಣದ ನಂಜಯ್ಯ ನಿಂತಿದ್ದರು.

ರಾಣಿ ಕೇಳಿದಳು: "ಅಂಗಡಿಯಲ್ಲಿಟ್ಟರೆ ವರ್ಷ ವರ್ಷ ಬೆಲೆ ಏರುತ್ತದೆ. ಒಮ್ಮೆ ಮಾರಿಕೊಂಡರೆ ಮರಳಿ ಕೊಳ್ಳಲಾಗದು. ಏನದು?"

"ಹಳೇ ಅಕ್ಕಿ!" ಎಂದ ಪದ್ಮಣ್ಣ.

"ಅಕ್ಕಿಯನ್ನು ಸಂತೆಯಲ್ಲಿ ಮತ್ತೆ ಕೊಳ್ಳಬಹುದಲ್ಲಯ್ಯ" ಎಂದಳು ರಾಣಿ. ಕಾವಲಿನವರು ಅವನ ಕೈ ಕಟ್ಟಿದರು.

ನಂಜಯ್ಯ ಜಾಣ. "ನಂಬಿಕೆ" ಎಂದ. ಕೆಂಚನೂ ಅದನ್ನೇ ಹೇಳಿದ.

"ಇಬ್ಬರದೂ ಸರಿ" ಎಂದಳು ರಾಣಿ. "ಎಣಿಸುವಾಗ ಎರಡಕ್ಕಿಂತ ಮುಂಚೆ ಬರುತ್ತದೆ, ಆದರೆ ಒಂದಲ್ಲ. ಅದೇನು, ಅದು ಯಾರದು?"

"ರಾಶಿ ಅಳೆಯೋರು ಒಂದು ಅನ್ನೋ ಬದಲು ಲಾಭ ಅಂತಾರೆ. ಲಾಭ ಮಾರುವವನದೇ, ಇನ್ಯಾರದು?" ನಂಜಯ್ಯ ಮೀಸೆ ತಿರುವಿದ.

ರಾಣಿ ಕೆಂಚನತ್ತ ನೋಡಿದಳು. "ಲಾಭ ಅಂತ ಕೂಗಿ ಮೊದಲ್ನೇ ಕೊಳಗ ಸುರಿಯೋದು ಕೊಳ್ಳೋರ ಚೀಲಕ್ಕೆ, ತಾಯಿ" ಎಂದ ಕೆಂಚ. "ಮೊದಲು ಅವರದು. ನಮ್ಮದು ಆಮೇಲೆ."

ನಂಜಯ್ಯನ ಕೈಗೂ ಹಗ್ಗ ಬಿತ್ತು.

"ಕೊನೆಯದು. ಎರಡು ಮನೆಯಲ್ಲಿ ಹುಟ್ಟಿತು. ಇಬ್ಬರೂ ನಮ್ಮದಲ್ಲವೆಂದು ಬೀದಿಗೆ ಬಿಟ್ಟರು. ಮೂರನೆಯವರ ಮನೆ ಹೊಕ್ಕು ಪ್ರಾಣ ತಿಂದಿತು. ಏನದು?"

ಉತ್ತರ ಕೆಂಚನಿಗೆ ಕೂಡಲೇ ಹೊಳೆಯಿತು. ಹೇಳದಿದ್ದರೆ ಗಲ್ಲು. ಹೇಳಿದರೂ ಗಲ್ಲೇ ಆಗಬಹುದು.

"ತಪ್ಪು ಅನ್ನೋದೇ ಅದು, ತಾಯಿ. ಶೆಟ್ಟಿ ಬಾಯಲ್ಲಿ ಹೇಳಿದ, ನಾನು ಕೈಯಲ್ಲಿ ಅಳೆದೆ. ಅವನು 'ಅಳೆದೋನು ನಾನಲ್ಲ' ಅಂದ. ನಾನು 'ಹೇಳಿದೋನು ನಾನಲ್ಲ' ಅಂದ್ಕೊಂಡೆ. ಮುಗ್ಗಲು ವಾಸನೆ ನನ್ನ ಮೂಗಿಗೆ ಬಡಿದಿತ್ತು. ಎರಡು ಮನೇಲಿ ಒಂದು ನಂದೇ."

ರಾಣಿ ಕೇಳಿದಳು: "ಇಷ್ಟು ಗೊತ್ತಿದ್ದೂ ಈ ಪಟ್ಟ ಕೇಳಲು ಯಾಕೆ ಬಂದೆ?"

"ಬೇರೆ ಯಾರೋ ಅಲ್ಲಿ ಕೂತು 'ಅಳೆಯೋ' ಅಂದ್ರೆ ನಾನು ಮತ್ತೆ ಅಳೀತಿದ್ದೆ, ತಾಯಿ. ಅದಕ್ಕೇ ಹೆದರಿ ಬಂದೆ."

ರಾಣಿಯ ಕಣ್ಣು ತುಂಬಿತು. "ಒಗಟು ಗೆದ್ದಿದ್ದಕ್ಕೆ ಪಟ್ಟ ನಿನ್ನದು. ತಪ್ಪಿಗೆ ದಂಡವೂ ಉಂಟು: ಆ ಮೂರು ಮನೆ ಸಾಕುವ ಹೊಣೆಯೂ ನಿನ್ನದೇ." ಕೆಂಚ ಕೈಮುಗಿದು ಒಪ್ಪಿದ. ರಾಣಿಯನ್ನು ಬೇಡಿಕೊಂಡು, ಕಟ್ಟಿಹಾಕಿದ್ದ ಇಬ್ಬರನ್ನೂ ಬಿಡಿಸಿದ.

ಕಣಜದಲ್ಲಿ ಕೂತ ದಿನವೇ ಅವನು ಆಳುಗಳನ್ನೆಲ್ಲ ಕರೆದು ಹೇಳಿದ: "ನಿಮ್ಮ ಮೂಗು ಬೇಡ ಅಂದದ್ದನ್ನ ನಾನು ಹೇಳಿದರೂ ಅಳೀಬೇಡಿ. ಕೊಳಗ ಬೋರಲು ಹಾಕಿ ಎದ್ದುಬಿಡಿ. ಕೂಲಿ ತಪ್ಪೋದಿಲ್ಲ."

ಮೂರು ವರ್ಷದ ಮೇಲೆ, ಒಂದು ಮಳೆಗಾಲದಲ್ಲಿ, ಅಳೆಯುವ ಒಬ್ಬ ಮುದುಕ ಆಳು ಅವನೆದುರೇ ಕೊಳಗ ಬೋರಲು ಹಾಕಿದ. ಪಟ್ಟಣಶೆಟ್ಟಿ ಕೆಂಚ ಎದ್ದು ಬಂದು ರಾಶಿಗೆ ಮೂಗಿಟ್ಟು ನೋಡಿದ; ಮುಗ್ಗಲು ವಾಸನೆ. ಅಂದು ಕಣಜದ ಬಾಗಿಲು ತೆರೆಯಲಿಲ್ಲ. ಹರಳೂರಿನವರು ಅಂದು ಅರೆಹೊಟ್ಟೆ ಉಂಡರು, ಮರುದಿನ ಎಲ್ಲರೂ ಜೀವದಿಂದ ಎದ್ದರು.