ಸಂಬಂಧಿಕರ ಖಾನೆ

ಹಾಸ್ಟೆಲ್ಲಿನ ಅಡುಗೆಯಾಕೆ ಬಾಳವ್ವ ಆರೋಗ್ಯ ಕಾರ್ಡಿಗೆಂದು ಮೊಬೈಲಿನಲ್ಲಿ ಫಾರ್ಮು ತುಂಬುತ್ತಿದ್ದಳು. 'ಹತ್ತಿರದ ಸಂಬಂಧಿಕರ ನಂಬರ್' ಎಂಬ ಖಾನೆ ಬಂತು. ಖಾಲಿ ಬಿಟ್ಟಳು, ಫಾರ್ಮು ಮುಂದೆ ಹೋಗಲಿಲ್ಲ. ಹತ್ತು ಸೊನ್ನೆ ಒತ್ತಿದಳು, ಖಾನೆ ಕೆಂಪಗಾಯಿತು. ತನ್ನದೇ ನಂಬರ್ ಹಾಕಿದಳು, ಆಗಲೂ ಕೆಂಪು.

ಹಾಸ್ಟೆಲ್ಲು ನೋಡಿಕೊಳ್ಳುವ ಅಧಿಕಾರಿ ಹಂಚಿನಾಳ ಸಾಹೇಬರ ಹತ್ತಿರ ಹೋದಳು. ಆ ಫಾರ್ಮು ಮಾಡಿಸಿದವರು ಅವರೇ. ಅದನ್ನು ಹೊಗಳಿಕೊಳ್ಳದೆ ಅವರ ಒಂದು ಮೀಟಿಂಗೂ ಮುಗಿಯುತ್ತಿರಲಿಲ್ಲ.

"ನನಗ ಯಾರೂ ಇಲ್ರೀ ಸಾಹೇಬ್ರ."

"ಯಾರೂ ಇಲ್ಲದವರು ಎಲ್ಲ್ಯಾರ ಇರ್ತಾರೇನು? ಯಾರದರ ನಂಬರ್ ಹಾಕು. ಅವರು 'ಹೌದು' ಅಂತ ಒತ್ತಬೇಕು. ಇಲ್ಲಂದ್ರ ಕಾರ್ಡಿಲ್ಲ."

ಬಾಳವ್ವ ಹೊರಗೆ ಬಂದಳು. ಗೋಡೆಯ ಮೇಲೆ 'ಏನೇ ತೊಂದರೆಯಿದ್ದರೂ ಕರೆ ಮಾಡಿ' ಎಂದು ಬರೆದು, ಕೆಳಗೆ ಸಾಹೇಬರ ನಂಬರ್ ಹಾಕಿದ್ದರು. ಅದನ್ನೇ ಖಾನೆಯಲ್ಲಿ ಒತ್ತಿದಳು. ಸಂಬಂಧ ಏನೆಂದು ಕೇಳಿದಲ್ಲಿ 'ತಮ್ಮ' ಎಂದು ತುಂಬಿದಳು.

ಒಳಗೆ ಸಾಹೇಬರ ಫೋನು ಟಿಣ್ ಎಂದಿತು: 'ಬಾಳವ್ವ ನಿಮ್ಮ ಅಕ್ಕನೇ? ಹೌದು ಅಥವಾ ಅಲ್ಲ ಒತ್ತಿ.'

"ಏನಿದು?" ಎಂದು ಕೂಗುತ್ತಲೇ ಹೊರಗೆ ಬಂದರು.

"ಅಲ್ಲ ಅಂತ ಒತ್ತಿದ್ರ, ಯಾರೂ ಇಲ್ಲದವರು ಅದಾರಂತ ನೀವ ಒಪ್ಪಿದಂಗಾತು. ಹೌದು ಅಂತ ಒತ್ತಿದ್ರ, ನನಗೊಬ್ಬ ತಮ್ಮ ಸಿಕ್ಕಂಗಾತು. ಯಾವುದರ ಒತ್ರಿ."

ಸಾಹೇಬರು 'ಹೌದು' ಒತ್ತಿದರು.

ಮರುವಾರ ಅವರೇ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿದ್ದ ಮೊಬೈಲಿನಲ್ಲಿ ಅವರ ಸ್ವಂತ ಕಾರ್ಡಿನ ಫಾರ್ಮು ತೆರೆದಿತ್ತು. ಸಂಬಂಧಿಕರ ಖಾನೆ ಕೆಂಪಗೇ ಇತ್ತು.

"ಅಕ್ಕಾ, ನಿಮ್ಮ ನಂಬರ್ ಹೇಳ್ರಿ."