ಸಾಹುಕಾರನಿಗೆ ಮೊದಲೇ ತಿಳಿದ ನಷ್ಟ

"ಗುರುಗಳೇ, ಕೊಟ್ಟ ಸಾಲ ಮುಳುಗದಂತೆ ನೋಡಿಕೊಳ್ಳುವುದು ಹೇಗೆ?" ಎಂದು ಪಂಪಣ್ಣ ಕೇಳಿದ. ಅವನು ಪೇಟೆಯ ಬ್ಯಾಂಕೊಂದರಲ್ಲಿ ಮ್ಯಾನೇಜರು. "ಅಡಮಾನ ನೋಡುತ್ತೇನೆ, ಜಾಮೀನು ಕೇಳುತ್ತೇನೆ. ಕಾಗದಪತ್ರವೆಲ್ಲ ಸರಿಯಾಗಿರುತ್ತದೆ. ಆದರೂ ಮುಳುಗುತ್ತದೆ."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಕುಳ ನೋಡಿ ಸಾಲ ಕೊಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆದರೂ ವರ್ಷವರ್ಷ ಒಂದಿಬ್ಬರು ಕೈಯೆತ್ತುತ್ತಿದ್ದರು. ಅವರು ಸೋತ ಸುದ್ದಿ ಸಂತೆಗೆಲ್ಲ ಗೊತ್ತಾದ ಮೇಲೆ ಸಾಹುಕಾರನ ಕಿವಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಅಡವಿಟ್ಟ ಮನೆಯ ಹೆಂಚೂ ಉಳಿದಿರುತ್ತಿರಲಿಲ್ಲ. ಅವನು ಜಾಮೀನು ಬಿಗಿ ಮಾಡಿದ, ದನಿ ಏರಿಸಿದ. ಮುಳುಗುವುದು ನಿಲ್ಲಲಿಲ್ಲ.

ಒಂದು ಬೆಳಗ್ಗೆ ನೂಲಿಗೆ ಬಣ್ಣ ಹಾಕುವ ಹೆಂಗಸೊಬ್ಬಳು ಬಂದಳು. ಅವಳ ಸಾಲದ ಗಡುವಿಗೆ ಇನ್ನೂ ಬಹಳ ದಿನವಿತ್ತು.

"ಧಣಿ, ಬಾನಿಯಲ್ಲಿದ್ದ ನೀಲಿ ಕೆಟ್ಟಿತು. ನೂಲಿಗೆ ಬಣ್ಣ ಸರಿಯಾಗಿ ಹಿಡಿಯಲಿಲ್ಲ, ತಿಳಿಯಾಯಿತು. ಸೀರೆ ನೇಯುವವರು ಬೇಡವೆಂದರು. ಹೇಳಿದ ದಿನಕ್ಕೆ ಹಣ ಹುಟ್ಟುವಂತೆ ಕಾಣುವುದಿಲ್ಲ."

ಸಾಹುಕಾರನಿಗೆ ಬೈಗುಳ ಬಾಯಿತನಕ ಬಂತು. ಆದರೆ ಕರೆಯದೆ ಬಂದು ನಷ್ಟ ಹೇಳಿಕೊಂಡವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಬೈಗುಳ ನುಂಗಿಕೊಂಡು ಕೇಳಿದ: "ಉಳಿದವರು ಯಾಕೆ ಹೀಗೆ ಮುಂಚೆಯೇ ಬಂದು ಹೇಳುವುದಿಲ್ಲ?"

"ಬೈಸಿಕೊಳ್ಳಲು ಯಾರು ಅವಸರ ಮಾಡುತ್ತಾರೆ, ಧಣಿ? ನನಗೂ ನಿಮ್ಮ ಅಂಗಳದಿಂದಲೇ ಹಿಂತಿರುಗೋಣ ಅನಿಸಿತ್ತು."

ಸಾಹುಕಾರನಿಗೆ ನಗು ಬಂತು. ಮೆಟ್ಟು ಮೆಟ್ಟಿಕೊಂಡು ಅವಳ ಜೊತೆಗೇ ಹೊರಟ. ನೂಲನ್ನು ಕಣ್ಣಾರೆ ನೋಡಿದ. ಪಕ್ಕದೂರಿನಲ್ಲಿ ಜಮಖಾನ ನೇಯುವವರಿಗೆ ತಿಳಿನೀಲಿ ಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಹೇಳಿ ಕಳಿಸಿದ. ಬೆಲೆ ಸ್ವಲ್ಪ ಇಳಿದರೂ ನೂಲೆಲ್ಲ ಮಾರಾಟವಾಯಿತು. ಉಳಿದ ಬಾಕಿಗೆ ಸುಗ್ಗಿಯ ತನಕ ಗಡುವು ಕೊಟ್ಟ. ಅವಳು ಅದಕ್ಕೂ ಮೊದಲೇ ತೀರಿಸಿದಳು.

ಈ ಮಾತು ಊರಲ್ಲಿ ಹರಡಿತು. ಎಣ್ಣೆ ವ್ಯಾಪಾರಿ ಬಂದು, ದಾಸ್ತಾನು ಮಾಡಿದ ಎಳ್ಳಿನ ಬೆಲೆ ಬಿತ್ತೆಂದು ಹೇಳಿದ. ಕುಂಬಾರ ಬಂದು, ಮಡಕೆ ಸುಡುವ ಆವಿಗೆ ಕುಸಿಯಿತೆಂದು ಹೇಳಿದ. ಸುಳ್ಳು ಕಣ್ಣೀರು ಹಾಕಿಕೊಂಡು ಬಂದವನೂ ಒಬ್ಬನಿದ್ದ. ಸಾಹುಕಾರ ಅವನ ಜೊತೆಗೂ ಹೋದ. ಉಗ್ರಾಣ ತುಂಬಿದ್ದನ್ನು ಕಂಡು ಅಲ್ಲೇ ಬಾಕಿ ವಸೂಲಿ ಮಾಡಿಕೊಂಡು ಬಂದ. ಆಮೇಲೆ ಯಾವ ಸಾಲವೂ ಮುಳುಗಲಿಲ್ಲ ಅಂತಲ್ಲ. ಆದರೆ ನೀರು ಮೊಣಕಾಲಿಗೆ ಬಂದಾಗಲೇ ಅವನಿಗೆ ತಿಳಿಯುತ್ತಿತ್ತು. ಕೈ ಚಾಚಿ ಎಳೆದುಕೊಳ್ಳಲು ಸಮಯವಿರುತ್ತಿತ್ತು. ಸಾಹುಕಾರ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ನಿದ್ದೆ ಮಾಡುವಂತಾದ.

ಕತೆ ಕೇಳಿ ಪಂಪಣ್ಣನ ಮುಖ ಅರಳಿತು. "ನಾನಂತೂ ಯಾರನ್ನೂ ಬೈಯುವವನಲ್ಲ, ಗುರುಗಳೇ" ಎಂದ.

"ಹಾಗಾದರೆ ತನ್ನ ನಷ್ಟವನ್ನು ತಾನಾಗಿಯೇ ಬಂದು ನಿನಗೆ ಹೇಳಿದವರು ಯಾರು?" ಎಂದರು ಗುರುಗಳು.

ಪಂಪಣ್ಣ ತನ್ನ ಸಾಲಗಾರರನ್ನೆಲ್ಲ ಒಬ್ಬೊಬ್ಬರಾಗಿ ನೆನೆದ; ಹಾಗೆ ಬಂದವರು ಒಬ್ಬರೂ ಇರಲಿಲ್ಲ.